ನಾಲ್ಕೇ ಡಿಸ್ಕ್ ಆರಿಸ್ಕೋ ಅಂದ್ರೆ

2013ರ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಸೂಲಿಬೆಲೆ ಬಸ್ ಸ್ಟ್ಯಾಂಡಲ್ಲಿ ಇಳಿದವನು ಅಭ್ಯಾಸಬಲದಿಂದ ಮನೆ ಕಡೆ ಹೋಗದೆ ಗೇಮ್ ಅಂಗಡಿ ಕಡೆ ತಿರುಗಿದೆ. ಷಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದರೆ ಅಂಗಡಿ ಅಣ್ಣ ನೆಲದ ಮೇಲೆ ಕೂತು ವೈರು ಸುತ್ತುತ್ತಿದ್ದರು.

"ಮುಚ್ತಾ ಇದೀನಿ ಕಣಪ್ಪ. ಯಾರೂ ಬರಲ್ಲ ಈಗ. ಎಲ್ರ ಕೈಲೂ ಫೋನು. ಬಾಡಿಗೆ ದುಡ್ಡೂ ಹುಟ್ಟಲ್ಲ."

ಅವರ ಹತ್ತಿರ ಎರಡು ಪ್ಲೇಸ್ಟೇಷನ್ 2 ಇದ್ದವು. ಜೊತೆಗೆ ಎರಡು ಡಬ್ಬಾ ಟಿವಿ, ಒಂದು ಬೆಂಚು, ಗಂಟೆಗೆ 15 ರೂಪಾಯಿ. "ಒಂದು ನೀನು ತಗಂಡೋಗು. ನಿಮ್ ಚಿಕ್ಕಪ್ಪನ ಮಗ ಕೇಳ್ತಿದ್ದ. ದುಡ್ಡು ನಿಧಾನಕ್ಕೆ ಕೊಡೀವಂತೆ. ಡಿಸ್ಕು ಮಾತ್ರ ನಾಲ್ಕೇ ಆರಿಸ್ಕೋ. ಮಿಕ್ಕಿದ್ದಕ್ಕೆಲ್ಲ ಹೊಸಕೋಟೆಯೋರ ಹತ್ರ ಮಾತಾಡ್ಬಿಟ್ಟಿದೀನಿ" ಅಂದರು. ಎದುರಿಗೆ ರಟ್ಟಿನ ಪೆಟ್ಟಿಗೆ ಇಟ್ಟರು. ಅದರಲ್ಲಿ ಎಪ್ಪತ್ತೋ ಎಂಬತ್ತೋ ಡಿಸ್ಕು. ಎಲ್ಲಾ ಒರಿಜಿನಲ್ಲಾ ಅಂತ ನೀವು ಕೇಳಬೇಡಿ, ನಾನೂ ಯಾವತ್ತೂ ಕೇಳಿಲ್ಲ.

ಅಂಗಡಿ ಅಣ್ಣನಿಗೆ ಗೊತ್ತಿತ್ತೋ ಇಲ್ಲವೋ, ಆ ತಿಂಗಳೇ ಸೋನಿ ಕಂಪನಿಯೂ ಪ್ಲೇಸ್ಟೇಷನ್ 2ರ ತಯಾರಿಕೆ ನಿಲ್ಲಿಸಿದೆ ಅಂತ ಸುದ್ದಿ ಬಂದಿತ್ತು. 2000ದ ಮಾರ್ಚ್ 4ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಪೆಟ್ಟಿಗೆ ಇದು. ಹದಿಮೂರು ವರ್ಷದಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಯಿತು. ಪ್ಲೇಸ್ಟೇಷನ್ 3 ಬಂದು ಆರು ವರ್ಷ ಆದಮೇಲೂ ಇದು ನಡೆಯುತ್ತಲೇ ಇತ್ತು ಅಂದ್ರೆ, ಅದಕ್ಕೆ ನಮ್ಮಂಥ ಊರುಗಳೂ ಒಂದು ಕಾರಣ ಇರಬೇಕು.

ಸರಿ, ನಾಲ್ಕು ಆರಿಸಬೇಕು. ಆಗ ಎಲ್ಲ ಕಡೆ "ಪ್ಲೇಸ್ಟೇಷನ್ 2ರ ಶ್ರೇಷ್ಠ ಆಟಗಳು" ಅಂತ ಪಟ್ಟಿಗಳು ಬರುತ್ತಿದ್ದವು. ಅವರು ಗ್ರಾಫಿಕ್ಸ್ ನೋಡ್ತಾರೆ, ಕಥೆ ನೋಡ್ತಾರೆ, ಎಷ್ಟು ಗಂಟೆ ಆಡಬಹುದು ಅಂತ ನೋಡ್ತಾರೆ. ತಪ್ಪಲ್ಲ. ಆದರೆ ಆ ಬೆಂಚಿನ ಮೇಲೆ ಐದಾರು ವರ್ಷ ಕೂತ ನನ್ನ ಪ್ರಶ್ನೆಗಳು ಮೂರೇ. ಪಕ್ಕದಲ್ಲಿ ಕೂತವನಿಗೂ ಅದರಲ್ಲಿ ಆಟ ಇದೆಯಾ? ಕರೆಂಟು ಹೋದ್ರೆ ಎಷ್ಟು ನಷ್ಟ? ಇಂಗ್ಲಿಷ್ ಬರದವನಿಗೆ ಎಷ್ಟು ದಕ್ಕುತ್ತೆ? ಚಿಕ್ಕಪ್ಪನ ಮಗ ಆಗ ಎಂಟನೇ ಕ್ಲಾಸು, ಕನ್ನಡ ಮೀಡಿಯಮ್ಮು. ನಾನೂ ಅಲ್ಲೇ ಓದಿದವನು. ಹಾಗಾಗಿ ಮೂರನೇ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ.

ಮೊದಲ ಡಿಸ್ಕಿಗೆ ಯೋಚನೆಯೇ ಮಾಡಲಿಲ್ಲ. ಇಎ ಸ್ಪೋರ್ಟ್ಸ್‌ನವರ ಕ್ರಿಕೆಟ್ 07. ಬಂದಿದ್ದು 2006ರ ಕೊನೆಗೆ, ಅದಾದ ಮೇಲೆ ಆ ಕಂಪನಿ ಇನ್ನೊಂದು ಕ್ರಿಕೆಟ್ ಆಟ ಈ ಪೆಟ್ಟಿಗೆಗೆ ತರಲೇ ಇಲ್ಲ. ನಮ್ಮ ತಂಡಕ್ಕೆ ಪರವಾನಗಿ ಇರಲಿಲ್ಲವಾದ್ದರಿಂದ ಆಟಗಾರರ ಹೆಸರೆಲ್ಲ ತಿರುಚಿ ಹಾಕಿದ್ದರು. ಅಂಗಡಿಗೆ ಹೊಸದಾಗಿ ಬಂದಾಗ ನಾವು ಮಾಡಿದ ಮೊದಲ ಕೆಲಸ ಒಂದು ಗಂಟೆ ಕೂತು ಹನ್ನೊಂದು ಜನರ ಹೆಸರು ತಿದ್ದಿದ್ದು. ದ್ರಾವಿಡ್, ಕುಂಬ್ಳೆ ಸ್ಪೆಲ್ಲಿಂಗ್ ವಿಷಯದಲ್ಲಿ ಜಗಳ ಬೇರೆ. ಬ್ಯಾಟಿಂಗಿಗೆ ಬಲಗಡೆ ಕಡ್ಡಿ ತಿರುಗಿಸಬೇಕು, ಯಾವ ಕಡೆ ತಳ್ಳಿದರೆ ಆ ಕಡೆ ಹೊಡೆತ. ಐದು ನಿಮಿಷದಲ್ಲಿ ಯಾರು ಬೇಕಾದರೂ ಕಲಿಯಬಹುದು.

ಇದರಲ್ಲಿ ದೋಷ ಇಲ್ಲವೇ ಅಂದ್ರೆ ಬೇಕಾದಷ್ಟಿದೆ. ಟೈಮಿಂಗ್ ಒಮ್ಮೆ ಕೈಗೆ ಹತ್ತಿದರೆ ಒಂದೇ ಹೊಡೆತದಲ್ಲಿ ಓವರ್ ಪೂರ್ತಿ ಸಿಕ್ಸ್ ಬಾರಿಸಬಹುದು. ಕಂಪ್ಯೂಟರ್ ಜೊತೆ ಆಡಿದರೆ ವಾರದಲ್ಲಿ ಬೇಜಾರು ಬರುತ್ತೆ. ಇನ್ನೊಂದು, ಬೌಲರ್ ಎಲ್ಲಿ ಪಿಚ್ ಹಾಕ್ತಾನೆ ಅನ್ನೋ ಗುರುತು ಒಂದೇ ಪರದೆ ಮೇಲೆ ಬ್ಯಾಟ್ಸ್‌ಮನ್‌ಗೂ ಕಾಣುತ್ತೆ. ಗುಟ್ಟು ಅನ್ನೋದೇ ಇಲ್ಲ. ಕಾಗದದ ಮೇಲೆ ಇದು ಕೆಟ್ಟ ವಿನ್ಯಾಸ. ಆದರೆ ಬೆಂಚಿನ ಮೇಲೆ ಅದೇ ಆಟದ ಜೀವ ಆಯಿತು. ಗುಟ್ಟು ಇಲ್ಲದ ಮೇಲೆ ಬಾಯಲ್ಲೇ ಮೋಸ ಮಾಡಬೇಕಲ್ಲ! "ಯಾರ್ಕರ್ ಹಾಕ್ತೀನಿ ನೋಡು" ಅಂತ ಗುರುತು ಕಾಲ ಹತ್ರ ಇಟ್ಟು, ಕೊನೇ ಗಳಿಗೆಯಲ್ಲಿ ಮೇಲಕ್ಕೆ ಎಳೆಯೋದು. ಮೊದಲ ಓವರಲ್ಲಿ ಸಿಕ್ಸ್ ಹೊಡೆಯಂಗಿಲ್ಲ ಅಂತ ನಾವೇ ರೂಲ್ಸು ಮಾಡಿಕೊಂಡಿದ್ದೆವು. ಸೋತವನು ಟೀ ಕೊಡಿಸಬೇಕು. ರಿಚಿ ಬೆನೋ ಇಂಗ್ಲಿಷಲ್ಲಿ ಏನು ಹೇಳ್ತಿದ್ದರೋ ಯಾರಿಗೆ ಬೇಕು, ಹಿಂದೆ ನಿಂತ ಹುಡುಗರ ಕಾಮೆಂಟ್ರಿ ಕನ್ನಡ, ತೆಲುಗು ಎರಡರಲ್ಲೂ ನಡೀತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅದೇ ಪೆಟ್ಟಿಗೆಯಲ್ಲಿ ನಮ್ಮ ದೇಶದಲ್ಲೇ ಮಾಡಿದ ಆಟಗಳೂ ಇದ್ದವು. ಹೈದರಾಬಾದಿನವರು 2009ರಲ್ಲಿ ಮಾಡಿದ 'ಹನುಮಾನ್: ಬಾಯ್ ವಾರಿಯರ್', ಅದೇ ವರ್ಷದ 'ದೇಸಿ ಅಡ್ಡಾ'. ಅದರಲ್ಲಿ ಚಿನ್ನಿದಾಂಡು, ಕಬಡ್ಡಿ, ಗಾಳಿಪಟ ಎಲ್ಲಾ ಇವೆ. ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತೆ. ನಮ್ಮವರು ಮಾಡಿದ್ದು, ಬಿಟ್ಟುಹೋಗೋಕೆ ಮನಸ್ಸು ಒಪ್ಪಲ್ಲ. ಆದರೂ ಬಿಟ್ಟೆ. ಹನುಮಂತನ ಏಟು ರಾಕ್ಷಸನಿಗೆ ತಾಗಿದ್ದೇ ಕೈಗೆ ಗೊತ್ತಾಗಲ್ಲ. ಇನ್ನು ಚಿನ್ನಿದಾಂಡು: ಸರಿಯಾದ ಸಮಯಕ್ಕೆ ಬಟನ್ ಒತ್ತಿದರೆ ಚಿನ್ನಿ ಹಾರುತ್ತೆ, ಅಷ್ಟೇ. ಸ್ಕೂಲ್ ಫೀಲ್ಡಿನಲ್ಲಿ ಆಡೋವಾಗ ಚಿನ್ನಿ ಯಾರ ಹಣೆಗೆ ಬೀಳುತ್ತೋ ಅನ್ನೋ ಭಯ ಇರುತ್ತಲ್ಲ, ಆ ಭಯ ಇಲ್ಲ. ನಮ್ಮ ಆಟದ ಹೆಸರು, ವೇಷ ಹಾಕಿದ ಮಾತ್ರಕ್ಕೆ ಅದು ನಮ್ಮದಾಗಲ್ಲ. ಹೊರಗಿನವರು ಮಾಡಿದ ಕ್ರಿಕೆಟ್ 07 ನಮ್ಮದಾಯಿತು, ಯಾಕಂದ್ರೆ ಅದರ ಓರೆಕೋರೆಯಲ್ಲಿ ನಮಗೆ ಕೂರೋಕೆ ಜಾಗ ಇತ್ತು. ಅಭಿಮಾನಕ್ಕೆ ಒಂದು ಡಿಸ್ಕ್ ತಗೊಂಡಿದ್ದರೆ ಹುಡುಗ ಎರಡು ದಿನ ಆಡಿ ಮೂಲೆಗೆ ಹಾಕ್ತಿದ್ದ.

ಎರಡನೆಯದು ಟೆಕ್ಕನ್ 5, 2005ರದ್ದು. ಇಲ್ಲಿ ಕುಸ್ತಿ ಪಂಗಡದವರು ನನ್ನನ್ನು ಬೈಯ್ಯುತ್ತಾರೆ. ಡಬ್ಲ್ಯುಡಬ್ಲ್ಯುಇ 'ಹಿಯರ್ ಕಮ್ಸ್ ದ ಪೇನ್' ಬಿಟ್ಟು ಟೆಕ್ಕನ್ನಾ ಅಂತ. ಅಂಗಡಿಯಲ್ಲಿ ಕುಸ್ತಿಗೇ ಹೆಚ್ಚು ಗಿರಾಕಿ ಇದ್ದಿದ್ದು ನಿಜ. ಚಿಕ್ಕ ಹುಡುಗರು ಬಂದು "ಅಣ್ಣ, ಖಲಿ ಹಾಕಿ" ಅಂತ ದಿನಾ ಕೇಳೋರು. ಆಟ 2003ರದ್ದು, ಖಲಿ ಅಲ್ಲಿಗೆ ಹೋಗಿದ್ದೇ 2006ರಲ್ಲಿ, ಎಲ್ಲಿಂದ ತರೋದು! ಆದರೆ ಕುಸ್ತಿಯಲ್ಲಿ ಒಂದು ಪಂದ್ಯ ಎಳೆದರೆ ಹದಿನೈದು ನಿಮಿಷ. ಟೆಕ್ಕನ್ನಲ್ಲಿ ಎರಡು ಮೂರು ನಿಮಿಷಕ್ಕೆ ತೀರ್ಮಾನ, ಸೋತವನು ಏಳು, ಮುಂದಿನವನು ಕೂತ್ಕೋ. ಒಂದು ಗಂಟೆ ದುಡ್ಡಿನಲ್ಲಿ ಎಂಟು ಜನ ಆಡಬಹುದು. ಮಧ್ಯೆ ಕರೆಂಟು ಹೋದರೂ ಹೋಗೋದು ಒಂದು ಪಂದ್ಯ ಅಷ್ಟೇ. ಹೊಸಬ ಸುಮ್ಮನೆ ಬಟನ್ ಕುಟ್ಟಿ ಒಂದು ಸಲ ಗೆಲ್ಲಬಹುದು, ಎರಡನೇ ಸಲ ಗೆಲ್ಲಲ್ಲ. ಈ ಅಳತೆ ಸರಿಯಾಗಿ ಸಿಗೋದು ಕಷ್ಟ. ಸಾಲದ್ದಕ್ಕೆ ಹಳೆಯ ಟೆಕ್ಕನ್ ಮೂರೂ ಅದೇ ಡಿಸ್ಕಿನಲ್ಲಿವೆ. ನಾಲ್ಕೇ ಆರಿಸು ಅಂದವರಿಗೆ ಇದಕ್ಕಿಂತ ಒಳ್ಳೇ ಉತ್ತರ ಉಂಟೇ?

ಮೂರನೆಯದು ನನ್ನ ಮೊದಲ ಪ್ರಶ್ನೆಗೇ ವಿರುದ್ಧ. 'ಶ್ಯಾಡೋ ಆಫ್ ದ ಕೊಲಾಸಸ್'. ಒಬ್ಬನೇ ಆಡೋದು, ಎರಡನೇ ರಿಮೋಟಿಗೆ ಕೆಲಸವೇ ಇಲ್ಲ. ಜಪಾನಿನ ಫ್ಯುಮಿಟೊ ಉಯೆಡಾ ಅವರ ತಂಡ 2005ರಲ್ಲಿ ಮಾಡಿದ್ದು. ಸತ್ತ ಹುಡುಗಿಯನ್ನು ಬದುಕಿಸೋಕೆ ಒಬ್ಬ ಹುಡುಗ ಕುದುರೆ ಹತ್ತಿ ಬರ್ತಾನೆ. ಹದಿನಾರು ದೈತ್ಯರನ್ನು ಕೊಲ್ಲಬೇಕು. ಆ ಹದಿನಾರು ಬಿಟ್ಟರೆ ಇಡೀ ಆಟದಲ್ಲಿ ಹೊಡೆದಾಡೋಕೆ ಬೇರೆ ಯಾರೂ ಇಲ್ಲ, ಖಾಲಿ ಬಯಲು. ದೈತ್ಯನ ಮೈಮೇಲಿನ ಕೂದಲು ಹಿಡಿದು ಹತ್ತಬೇಕು. ಆರ್1 ಒತ್ತಿ ಹಿಡಿದಿರುವಷ್ಟು ಹೊತ್ತು ಹಿಡಿತ, ಬೆರಳು ಬಿಟ್ಟರೆ ಬಿದ್ದ. ಅವನ ಕೈ ಸೋಲೋದು ನಿಮ್ಮ ಬೆರಳಿಗೇ ಗೊತ್ತಾಗುತ್ತೆ.

ಅದರಲ್ಲಿ ಮಾತು ಬಹಳ ಕಡಿಮೆ. ಇರೋದೂ ಆಟಕ್ಕೆಂದೇ ಕಟ್ಟಿದ ಭಾಷೆ, ಯಾರಿಗೂ ಬರದ್ದು. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತವೆ ನಿಜ, ಓದದಿದ್ದರೂ ನಡೆಯುತ್ತೆ. ಕತ್ತಿಯನ್ನು ಬಿಸಿಲಿಗೆ ಎತ್ತಿ ಹಿಡಿದರೆ ಬೆಳಕು ಕೂಡಿಕೊಂಡು ದಾರಿ ತೋರಿಸುತ್ತೆ. ಇಂಗ್ಲಿಷ್ ಬಂದವನೂ ಬರದವನೂ ಅಲ್ಲಿ ಒಂದೇ. ಅಂಗಡಿಯಲ್ಲಿ ಒಬ್ಬ ಆಡ್ತಿದ್ದರೆ ಏಳು ಜನ ಉಸಿರು ಬಿಗಿಹಿಡಿದು ನೋಡೋರು. ಕ್ರಿಕೆಟ್ ಬಿಟ್ಟು ಅದನ್ನು ನೋಡಿದ್ದಾರೆ ಅಂದ್ರೆ ನೀವೇ ಲೆಕ್ಕ ಹಾಕಿ.

ಒಂದು ಸಂಜೆ ಅಪ್ಪ "ಹುಳ ನಾಲ್ಕನೇ ಜ್ವರ ಎದ್ದಿದೆ, ಸೊಪ್ಪು ಹಾಕೋಕೆ ಬೇಗ ಬಾ" ಅಂದಿದ್ದರು. ಆ ಹೊತ್ತಲ್ಲಿ ರೇಷ್ಮೆ ಹುಳ ತಿನ್ನೋದು ನೋಡಿದವರಿಗೆ ಗೊತ್ತು, ಒಂದು ಹೊತ್ತು ತಡವಾದರೂ ಆಗಲ್ಲ. ನಾನು ಇನ್ನೊಂದು ದೈತ್ಯ, ಇನ್ನೊಂದು ದೈತ್ಯ ಅಂತ ಕೂತು ಮನೆಗೆ ಹೋದಾಗ ಒಂಬತ್ತು ಗಂಟೆ. ಅಪ್ಪ ಒಬ್ಬರೇ ಎಲ್ಲಾ ತಟ್ಟೆಗೂ ಸೊಪ್ಪು ಹಾಕಿ ಮುಗಿಸಿದ್ದರು. ಬೈಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈ ಆಟದಲ್ಲೂ ಹಾಗೇ, ದೈತ್ಯ ಬಿದ್ದಾಗ ಜಯಭೇರಿ ಇಲ್ಲ. ಸಂಗೀತ ಸಪ್ಪಗಾಗುತ್ತೆ, ಅಷ್ಟು ದೊಡ್ಡ ಜೀವ ನಿಧಾನಕ್ಕೆ ಕುಸಿಯುತ್ತೆ, ಗೆದ್ದವನಿಗೇ ಬೇಜಾರು. ಹೆಚ್ಚುಕಮ್ಮಿ ಒಂದು ತಿಂಗಳು ಮಗು ಥರ ಹುಳ ಸಾಕಿ, ಗೂಡು ಕಟ್ಟಿದ ಮೇಲೆ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿ ಬರೋ ಮನೆಯವನಿಗೆ ಆ ಬೇಜಾರು ಪರಿಚಯದ್ದೇ. ಕುಂದು ಹೇಳಬೇಕೆಂದರೆ ಕ್ಯಾಮೆರಾ ಹಟಮಾರಿ, ದೈತ್ಯ ಹತ್ತಿರ ಬಂದಾಗ ಚಿತ್ರ ತಡವರಿಸುತ್ತೆ. 32 ಎಂಬಿ ಮೆಮೊರಿಯ ಪೆಟ್ಟಿಗೆ, ಇನ್ನೆಷ್ಟು ಎಳೆದೀತು. ಒಂದೊಂದು ದೈತ್ಯ ಬಿದ್ದಾಗಲೂ ಸೇವ್ ಮಾಡ್ತೀಯಾ ಅಂತ ಕೇಳುತ್ತೆ, ಹಾಗಾಗಿ ಕರೆಂಟಿಗೂ ಹೆದರಬೇಕಿಲ್ಲ.

ನಾಲ್ಕನೆಯದಕ್ಕೆ ಕೈಯಲ್ಲಿ ಎರಡು ಡಿಸ್ಕ್ ಹಿಡಿದು ತುಂಬಾ ಹೊತ್ತು ಕೂತೆ. ಒಂದು 'ಗಾಡ್ ಆಫ್ ವಾರ್ 2'. ಈ ಪೆಟ್ಟಿಗೆಯಿಂದ ಏನೇನು ಹಿಂಡಬಹುದೋ ಎಲ್ಲಾ ಹಿಂಡಿದ ಆಟ. 2007ರಲ್ಲಿ, ಪ್ಲೇಸ್ಟೇಷನ್ 3 ಬಂದಮೇಲೂ, ಹಳೇ ಪೆಟ್ಟಿಗೆಗೇ ಮಾಡಿದರು, ಕಣ್ಣು ಬಿಡೋ ಹಾಗೆ ಮಾಡಿದರು. ಆದರೆ ಕ್ರೇಟೋಸ್‌ಗೆ ಇರೋದು ಒಂದೇ ಗುಣ, ಸಿಟ್ಟು. ಮೊದಲನೇ ನಿಮಿಷದ ಸಿಟ್ಟೇ ಕೊನೆಯಲ್ಲೂ. ನೋಡಿದಷ್ಟು ಹೊತ್ತು ಬೆರಗು, ಎದ್ದು ಬಂದಮೇಲೆ ಏನೂ ಉಳಿಯಲ್ಲ.

ಇನ್ನೊಂದು 2004ರ 'ಜಿಟಿಎ ಸ್ಯಾನ್ ಆಂಡ್ರಿಯಾಸ್'. ನಿಜ ಹೇಳಬೇಕೆಂದರೆ ನಾವು ಯಾರೂ ಅದನ್ನು ಆಡಲೇ ಇಲ್ಲ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಚೀಟ್ ಕೋಡ್ ಬರ್ಕೊಂಡು ಬರ್ತಿದ್ವಿ. ಆರ್1, ಆರ್2, ಎಲ್1, ಎಕ್ಸ್, ಲೆಫ್ಟ್, ಡೌನ್, ರೈಟ್, ಅಪ್, ಲೆಫ್ಟ್, ಡೌನ್, ರೈಟ್, ಅಪ್. ಮಗ್ಗಿ ಮರೆತರೂ ಇದು ಮರೆಯಲ್ಲ. ದುಡ್ಡು, ಪ್ರಾಣ ಎರಡೂ ತುಂಬಿಕೊಂಡು ಕಾರು ಕದಿಯೋದು, ಪೊಲೀಸರಿಂದ ಓಡೋದು. ಮಿಷನ್ ಮಾಡೋಕೆ ಹೋದರೆ ಅವರು ಏನು ಹೇಳ್ತಾರೋ ತಲೆಬುಡ ತಿಳೀತಿರಲಿಲ್ಲ. ಕಥೆ ಶುರುವಾದ ಕೂಡಲೇ ಎಕ್ಸ್ ಒತ್ತಿ ದಾಟಿಸಿಬಿಡ್ತಿದ್ವಿ.

ಬೆಂಗಳೂರಿಗೆ ಕೆಲಸಕ್ಕೆ ಹೋದಮೇಲೆ, ಅಷ್ಟಿಷ್ಟು ಇಂಗ್ಲಿಷ್ ಕಿವಿಗೆ ಬಿದ್ದಮೇಲೆ, ರೂಮಿನಲ್ಲಿ ಒಮ್ಮೆ ಅದನ್ನು ಮೊದಲಿನಿಂದ ಆಡಿದೆ. ಆಗ ಗೊತ್ತಾಗಿದ್ದು. ಸಿಜೆ ಐದು ವರ್ಷ ಊರು ಬಿಟ್ಟಿದ್ದವನು. ಅವನ ತಾಯಿಯನ್ನು ಕೊಂದಿದ್ದಾರೆ, ಮಣ್ಣಿಗೆ ಬಂದಿದ್ದಾನೆ. ದಾರಿಯಲ್ಲಿ ಪೊಲೀಸರು ಹಿಡಿದು, ಇರೋ ದುಡ್ಡು ಕಿತ್ಕೊಂಡು, ಶತ್ರುಗಳ ಬೀದಿಯಲ್ಲಿ ಬಿಟ್ಟುಹೋಗ್ತಾರೆ. ಅಲ್ಲಿ ಬಿದ್ದಿರೋ ಸೈಕಲ್ ಹತ್ತಿ ಮನೆಗೆ ಬರ್ತಾನೆ, ಆಮೇಲೆ ಸಮಾಧಿ ಹತ್ರ ಹೋಗ್ತಾನೆ. ಆ ಸೈಕಲ್ಲನ್ನು ನಾವು ಎಷ್ಟು ಸಲ ಗೋಡೆಗೆ ಗುದ್ದಿ ಬಿದ್ದು ಬಿದ್ದು ನಕ್ಕಿದ್ದೇವೆ! ಅವನು ಅಮ್ಮನ ಸಾವಿಗೆ ಬಂದವನು ಅಂತ ಬೆಂಚಿನ ಮೇಲೆ ಒಬ್ಬನಿಗೂ ಗೊತ್ತಿರಲಿಲ್ಲ.

ನಾವು ಆಡಿದ ಹೊರಗಿನ ಆಟ ಒಂದರಲ್ಲೂ ಕನ್ನಡದ ಒಂದು ಸಾಲು ಇರಲಿಲ್ಲ. ಅದನ್ನು ದೊಡ್ಡ ಅನ್ಯಾಯ ಅಂತ ಆಗ ಅನಿಸಲೂ ಇಲ್ಲ. ಆಟ ಅಂದ್ರೆ ಅರ್ಧ ತಿಳಿಯೋದು, ಅರ್ಧ ದಾಟಿಸೋದು ಅಂದ್ಕೊಂಡಿದ್ವಿ. ಸ್ಯಾನ್ ಆಂಡ್ರಿಯಾಸ್ ನೆನೆದಾಗ ಮಾತ್ರ ಹೊಟ್ಟೆ ಉರಿಯುತ್ತೆ. ನನ್ನ ಮೂರನೇ ಪ್ರಶ್ನೆಯಲ್ಲಿ ಅದು ಪೂರ್ತಿ ಫೇಲು. ಸೇಫ್ ಹೌಸಿಗೆ ಹೋದರೆ ಮಾತ್ರ ಸೇವ್ ಆಗೋದರಿಂದ ಎರಡನೆಯದರಲ್ಲೂ ಫೇಲು. ಆದರೂ ಅದನ್ನೇ ತಗೊಂಡೆ. ಆ ಆಟದಲ್ಲಿ ಇರೋದನ್ನ ಹೇಳೋಕೆ ಈಗ ಪಕ್ಕದಲ್ಲಿ ನಾನೊಬ್ಬ ಇದ್ದೀನಲ್ಲ, ಅದಕ್ಕೆ.

ಅಂಗಡಿ ಅಣ್ಣ ನಾಲ್ಕೂ ಡಿಸ್ಕನ್ನು ಪೇಪರಲ್ಲಿ ಸುತ್ತಿ ಕೊಟ್ಟರು. ಗಾಡ್ ಆಫ್ ವಾರ್ ಬಿಟ್ಟಿದ್ದಕ್ಕೆ "ತಲೆ ಕೆಟ್ಟಿದ್ಯೇನೋ ನಿಂಗೆ" ಅಂದರು. ಎರಡು ರಿಮೋಟು, 8 ಎಂಬಿಯ ಒಂದು ಮೆಮೊರಿ ಕಾರ್ಡು. ಕಾರ್ಡಿನಲ್ಲಿ ಯಾರ್ಯಾರದೋ ಹಳೇ ಸೇವ್‌ಗಳು ಹಾಗೇ ಇದ್ದವು. ಅಳಿಸೋಕೆ ಹೋಗಲಿಲ್ಲ.

ಅವತ್ತು ರಾತ್ರಿ ಚಿಕ್ಕಪ್ಪನ ಮನೆ ಟಿವಿಗೆ ಜೋಡಿಸಿ, ಸ್ಯಾನ್ ಆಂಡ್ರಿಯಾಸ್ ಹಾಕಿ, ಹುಡುಗನ ಕೈಗೆ ರಿಮೋಟ್ ಕೊಡೋಕೆ ಮುಂಚೆ ಕಥೆ ಹೇಳಿದೆ. ಅಮ್ಮ ಸತ್ತಿದ್ದು, ಅಣ್ಣ ತಮ್ಮಂದಿರ ಜಗಳ, ಸೈಕಲ್ಲು, ಸಮಾಧಿ, ಎಲ್ಲಾ. ಪೂರ್ತಿ ಕೇಳಿದ. ಮಧ್ಯೆ ಒಂದು ಸಲವೂ ಎಕ್ಸ್ ಒತ್ತಲಿಲ್ಲ. ಆಮೇಲೆ ಕೇಳಿದ:

"ಅಣ್ಣಾ, ಚೀಟ್ ಕೋಡ್ ಗೊತ್ತಾ?"

ಹೇಳ್ಕೊಟ್ಟೆ. ಬಾಯಿಪಾಠ ಇದೆಯಲ್ಲ, ಗೊತ್ತಿಲ್ಲ ಅಂತ ಹೇಗೆ ಹೇಳೋದು.