ಮೊದಲ ಉತ್ತರದ ಉಳಿದರ್ಧ

ಮನುಷ್ಯ ಹುಟ್ಟಿರುವುದು ಏತಕ್ಕೆ ಎಂಬುದನ್ನೇ ಪಾಠದ ಮೊದಲ ಪ್ರಶ್ನೆಯಾಗಿ ಇಟ್ಟವರು ವೆಸ್ಟ್‌ಮಿನ್‌ಸ್ಟರ್ ಸಭೆಯ ಪ್ಯೂರಿಟನ್ ಪಂಡಿತರು. ಇಂಗ್ಲೆಂಡಿನ ಅಂತರ್ಯುದ್ಧದ ಗದ್ದಲದ ನಡುವೆ ಕೂತು 1647ರಲ್ಲಿ ಅವರು ಮುಗಿಸಿದ ‘ಶಾರ್ಟರ್ ಕ್ಯಾಟೆಕಿಸಂ’ 107 ಪ್ರಶ್ನೋತ್ತರಗಳ ಕಿರುಹೊತ್ತಗೆ. ಸ್ಕಾಟ್ಲೆಂಡಿನಲ್ಲಿ ತಲೆಮಾರುಗಟ್ಟಲೆ ಮಕ್ಕಳು ಅದನ್ನು ಉರುಹೊಡೆದು ಒಪ್ಪಿಸಿದರು. ಅದರ ಮೊದಲ ಉತ್ತರ ಮನುಷ್ಯನಿಗೆ ಎರಡು ಕೆಲಸ ಹಚ್ಚುತ್ತದೆ. ಒಂದು ದೇವರನ್ನು ಮಹಿಮೆಪಡಿಸುವುದು, ಇನ್ನೊಂದು ದೇವರಲ್ಲಿ ಸುಖಪಡುವುದು. ಹುಬ್ಬು ಗಂಟಿಕ್ಕಿದವರೆಂದು ಹೆಸರಾದ ಪ್ಯೂರಿಟನ್ನರ ಬಾಯಲ್ಲಿ ಈ ಎರಡನೆಯ ಮಾತು ಬಂದದ್ದೇ ಸೋಜಿಗ.

ಆದರೆ ಆಡಿದ ಮಾತನ್ನು ಅವರು ನಡೆಸಿಕೊಟ್ಟರೇ? ಎರಡನೆಯ ಪ್ರಶ್ನೆಯವರೆಗೆ ಸುಖ ಜೊತೆಗಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಬೈಬಲ್ಲಿನ ಬೋಧನೆ ನಂಬಿಕೆ, ಕರ್ತವ್ಯ ಎಂದು ಇಬ್ಭಾಗವಾಗುತ್ತದೆ. ಮುಂದಿನದೆಲ್ಲ ಆ ಎರಡು ದಂಡೆಗಳ ನಡುವೆಯೇ ಸಾಗುತ್ತದೆ. 41ರಿಂದ 81ರವರೆಗೆ ಹತ್ತು ಆಜ್ಞೆಗಳು, ಮಾಡಬೇಕಾದ್ದು, ಮಾಡಬಾರದ್ದು. ದೇವರಲ್ಲಿ ಸುಖಪಡುವ ಪ್ರಸ್ತಾಪ ಮತ್ತೆ ಎದುರಾಗುವುದು 38ನೆಯ ಪ್ರಶ್ನೆಯಲ್ಲಿ, ಅದೂ ಸತ್ತವರು ಎದ್ದುಬರುವ ದಿನದ ಮಾತಾಗಿ. 36ರಲ್ಲಿ ಪವಿತ್ರಾತ್ಮನ ಆನಂದವೆಂದು ಇಹಕ್ಕೂ ಒಂದಿಷ್ಟು ಕೊಟ್ಟಿದ್ದಾರೆ, ನಿಜ, ಪಟ್ಟಿಯೊಂದರ ನಡುವೆ. ದಾಸರ ಪದ ಕೇಳಿ ಬೆಳೆದ ಕಿವಿಗೆ ಇದು ಜಿಪುಣತನ.

ಈ ಪ್ರಶ್ನೋತ್ತರದ ವಿಧಾನ ಯಾರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಸಾಕ್ಷ್ಯವಿದೆ. ಜಾರ್ಜಿಯಾದ ಪ್ರೆಸ್ಬಿಟೇರಿಯನ್ ಪಾದ್ರಿ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್, ತಾನೇ ಗುಲಾಮರ ಒಡೆಯ, 1830ರ ದಶಕದಲ್ಲಿ ಕರಿಯ ಗುಲಾಮರಿಗೆಂದೇ ಒಂದು ಪ್ರಶ್ನೋತ್ತರ ಪುಸ್ತಕ ಬರೆದ. ಅವರಿಗೆ ಓದು ಕಲಿಸುವುದನ್ನು ಕಾನೂನು ತಡೆದಿತ್ತು, ಹಾಗಾಗಿ ಪಾಠವೆಲ್ಲ ಬಾಯಿಮಾತಿನಲ್ಲೇ. ಒಡೆಯನಿಗೆ ತಗ್ಗಿ ನಡೆಯುವುದೂ ಅದರಲ್ಲಿ ದೇವರು ವಿಧಿಸಿದ ಕರ್ತವ್ಯ. ಪ್ರಶ್ನೆಯೂ ಒಡೆಯನದು, ಉತ್ತರವೂ ಒಡೆಯನದು.

ಅದೇ ವೆಸ್ಟ್‌ಮಿನ್‌ಸ್ಟರ್ ಸಭೆ ಸಿದ್ಧಪಡಿಸಿ 1645ರಲ್ಲಿ ಜಾರಿಗೆ ಬಂದ ಆರಾಧನಾ ಕೈಪಿಡಿಯಲ್ಲಿ ಇನ್ನೊಂದು ಏರ್ಪಾಡೂ ಇತ್ತು. ಓದುಬಾರದವರು ಹೆಚ್ಚಿರುವ ಕಡೆ ಒಬ್ಬರು ದಾವೀದನ ಕೀರ್ತನೆಯನ್ನು ಸಾಲುಸಾಲಾಗಿ ಓದಿಹೇಳಬೇಕು, ಸಭೆ ಹಾಡಬೇಕು. ಈ ಬಗೆಯ ಹಾಡಿಕೆ ಅಟ್ಲಾಂಟಿಕ್ ದಾಟಿ ಕರಿಯ ಬ್ಯಾಪ್ಟಿಸ್ಟರ ಚರ್ಚುಗಳಲ್ಲಿ ಬೇರುಬಿಟ್ಟಿತು. ಹೇಳಿಕೊಟ್ಟದ್ದನ್ನು ಹೇಳುವುದೇ ಇಲ್ಲೂ. ಆದರೆ ಈ ಕರಿಯರ ಸಭೆ ಸಾಲನ್ನು ಒಪ್ಪಿಸಿ ಕೈತೊಳೆದುಕೊಳ್ಳಲಿಲ್ಲ. ಎಳೆಯಿತು, ಬಾಗಿಸಿತು, ನರಳಿಕೆ ಬೆರೆಸಿತು. ಇಂಥ ಚರ್ಚುಗಳ ಹಾಡಿಗೆ ಬ್ಲೂಸಿನ ಪಿಯಾನೊ ಕೂಡಿಸಿದವರಲ್ಲಿ ಮುಖ್ಯನಾದವನು 1930ರ ದಶಕದ ಷಿಕಾಗೋದ ಥಾಮಸ್ ಡಾರ್ಸಿ. ಗಾಸ್ಪೆಲ್ ಸಂಗೀತ ಇಂದಿಗೂ ಅವನ ಋಣದಲ್ಲಿದೆ.

ಗಾಯಕಿ ಅರೀಥಾ ಫ್ರಾಂಕ್ಲಿನ್ 1972ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಬ್ಯಾಪ್ಟಿಸ್ಟ್ ಚರ್ಚೊಂದರಲ್ಲಿ ಎರಡು ರಾತ್ರಿ ಹಾಡಿದ ‘ಅಮೇಝಿಂಗ್ ಗ್ರೇಸ್’ ಆಲ್ಬಂ ಈ ಪರಂಪರೆಯ ಶಿಖರವೆಂದೇ ನನ್ನ ಎಣಿಕೆ. ಸಿಡ್ನಿ ಪೊಲಾಕ್ ಚಿತ್ರೀಕರಿಸಿದ್ದ ಅದರ ಸಿನಿಮಾ, ದನಿಗೂ ದೃಶ್ಯಕ್ಕೂ ತಾಳೆಯಾಗದೆ ದಶಕಗಳ ಕಾಲ ಡಬ್ಬಿಯಲ್ಲೇ ಉಳಿದು, ಆಕೆ ತೀರಿಕೊಂಡ ಮೇಲೆ 2018ರಲ್ಲಿ ಹೊರಬಂತು. ಶೀರ್ಷಿಕೆ ಗೀತೆಯ ಸಾಹಿತ್ಯ ಜಾನ್ ನ್ಯೂಟನ್‌ನದು, ಒಂದು ಕಾಲಕ್ಕೆ ಗುಲಾಮರನ್ನು ಸಾಗಿಸುತ್ತಿದ್ದ ಹಡಗಿನ ಕಪ್ತಾನನದು. ಅದರ ಕೆಲವೇ ಸಾಲುಗಳಿಗೆ ಅರೀಥಾ ಹತ್ತು ನಿಮಿಷಕ್ಕೂ ಮೀರಿ ತೆಗೆದುಕೊಳ್ಳುತ್ತಾರೆ. ತಾಳದ ಹಂಗಿಲ್ಲ. ಒಂದೇ ಅಕ್ಷರದ ಮೇಲೆ ದನಿ ಏರಿ, ಮುರಿದು, ಸುತ್ತಿ ಇಳಿಯುತ್ತದೆ. ಮುಂದಿನ ಅಕ್ಷರಕ್ಕೆ ಅವಸರವೇ ಇಲ್ಲ. ಪಿಯಾನೊ ಬಿಟ್ಟು ಕೂತ ಪಾದ್ರಿ ಜೇಮ್ಸ್ ಕ್ಲೀವ್‌ಲೆಂಡ್ ಮುಖ ಮುಚ್ಚಿಕೊಂಡು ಅಳುತ್ತಾರೆ. ಪುನರುತ್ಥಾನದ ದಿನಕ್ಕೆಂದು ಪಂಡಿತರು ತೆಗೆದಿಟ್ಟದ್ದು ಇಲ್ಲಿ ಗುರುವಾರ ರಾತ್ರಿಯೇ ನಡೆದುಹೋಗುತ್ತದೆ.

ಹಾಗೆಂದು ಕೊರತೆ ಇಲ್ಲದ್ದೇನಲ್ಲ. ಇದು ರೆಕಾರ್ಡಿಂಗ್ ಕಂಪನಿಯ ಯೋಜನೆಯೂ ಹೌದು. ಇದು ಆರಾಧನೆ ಎಂದು ಕ್ಲೀವ್‌ಲೆಂಡ್ ನೆರೆದವರಿಗೆ ನೆನಪಿಸಬೇಕಾಯಿತು. ಎರಡನೆಯ ರಾತ್ರಿ ಕ್ಯಾಮೆರಾ ಹಿಂದಿನ ಸಾಲಿನಲ್ಲಿ ರಾಕ್ ಗಾಯಕ ಮಿಕ್ ಜಾಗರ್‌ನನ್ನು ಹುಡುಕಿಕೊಂಡು ಹೋದಾಗ ನನಗೆ ರೇಗುತ್ತದೆ. ಯಾರ ಮಹಿಮೆ ಎಂಬ ಪ್ರಶ್ನೆಯನ್ನು ಆ ಹಳೆಯ ಪುಸ್ತಕ ಒಮ್ಮೆಯೂ ಮರೆಯುವುದಿಲ್ಲ. ಸಿನಿಮಾ ಆಗಾಗ ಮರೆಯುತ್ತದೆ.

ಇಷ್ಟೆಲ್ಲ ಹೇಳಿದರೂ ಬಾಯಿಪಾಠವನ್ನು ನಾನು ಹಳಿಯಲಾರೆ. ಆ ಚರ್ಚಿನಲ್ಲಿ ಕೂತವರಿಗೆ ಹಾಡಿನ ಸಾಲೆಲ್ಲ ಚಿಕ್ಕಂದಿನಿಂದ ಕಂಠಸ್ಥ. ಅರೀಥಾ ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಅವರು ಮನಸ್ಸಿನಲ್ಲೇ ಮುಗಿಸಿಕೊಳ್ಳಬಲ್ಲರು, ಆಕೆ ಎಲ್ಲಿ ದಾರಿ ಬಿಟ್ಟರೆಂದು ಹಿಡಿಯಬಲ್ಲರು, ಅದಕ್ಕೇ ಕೂಗಿ ಓಗೊಡಬಲ್ಲರು. ಇಂದು ಷಿಕಾಗೋ ಇರಲಿ ಬೆಂಗಳೂರಿರಲಿ, ಎಷ್ಟೋ ಚರ್ಚುಗಳಲ್ಲಿ ಹಾಡಿನ ಸಾಲು ಪರದೆಯ ಮೇಲೆ ಮೂಡಿ ಮರೆಯಾಗುತ್ತದೆ, ಮುಂದಿನ ತಿಂಗಳಿಗೆ ಹಾಡೇ ಬದಲು. ಅಲ್ಲಿ ಗಾಯಕಿ ಒಂದು ಅಕ್ಷರದ ಮೇಲೆ ಅಷ್ಟು ಹೊತ್ತು ನಿಂತರೆ ಪರದೆ ನೋಡುತ್ತಿರುವವರು ಕಂಪ್ಯೂಟರ್ ಕೆಟ್ಟಿತೇನೋ ಎಂದುಕೊಂಡಾರು.