ಫೈಲಿನ ನಡುವೆ ಒಂದು ಸಾಲು: ಸೆಡ್, ಎಡ್ ಮತ್ತು ಜಾಗದ ಪ್ರಶ್ನೆ

ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಪಠ್ಯದ ಫೈಲ್ ಅಂದರೆ ಬೈಟ್‌ಗಳ ಒಂದು ಉದ್ದನೆಯ ಸರ. ಹೊಸ ಸಾಲಿನ ಬೈಟ್ ಬಂದಲ್ಲಿ ಸಾಲು ಮುಗಿಯಿತು ಎಂದು ಲೆಕ್ಕ. ಇರುವುದರ ಮೇಲೆಯೇ ಬರೆಯಬಹುದು, ತುದಿಗೆ ಸೇರಿಸಬಹುದು. ನಡುವೆ ಜಾಗ ಮಾಡಿ ಒಂದು ಸಾಲನ್ನು ತೂರಿಸುವ ಸೌಲಭ್ಯ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಮೂರನೆಯ ಸಾಲಿನ ಕೆಳಗೆ ಏನನ್ನಾದರೂ ಸೇರಿಸಬೇಕಾದರೆ ಅಲ್ಲಿಂದಾಚೆಗೆ ಇರುವುದನ್ನೆಲ್ಲ ಮತ್ತೆ ಬರೆಯಲೇಬೇಕು. ಈ ಮರುಬರಹವನ್ನು ಹೇಗೆ ಮಾಡುತ್ತದೆ, ಸೇರಿಸುವ ಜಾಗವನ್ನು ಹೇಗೆ ಹುಡುಕುತ್ತದೆ ಎಂಬುದರ ಮೇಲೆಯೇ ಒಂದು ಸಲಕರಣೆಯ ಗುಣದೋಷ ನಿಂತಿದೆ.

ಇಂದು ಹೆಚ್ಚಿನವರ ಕೈ ಮೊದಲು ಹೋಗುವುದು ಸೆಡ್ ಕಡೆಗೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಲೀ ಮೆಕ್‌ಮಹನ್ ಬರೆದ ಈ ಪ್ರೋಗ್ರಾಂ 1979ರ ಯೂನಿಕ್ಸ್ ಏಳನೆಯ ಆವೃತ್ತಿಯ ಜೊತೆ ಹೊರಬಂತು. ಒಂದೊಂದೇ ಸಾಲನ್ನು ಓದುವುದು, ಕಮಾಂಡ್‌ಗಳನ್ನು ಅದರ ಮೇಲೆ ನಡೆಸುವುದು, ಹೊರಗೆ ಕಳಿಸುವುದು, ಇಷ್ಟೇ ಅದರ ಕ್ರಮ. ‘ಐ’ ಕಮಾಂಡ್ ಕೊಟ್ಟ ಪಠ್ಯವನ್ನು ಸಾಲಿನ ಮೇಲೆ ಇಡುತ್ತದೆ, ‘ಎ’ ಕಮಾಂಡ್ ಕೆಳಗೆ ಇಡುತ್ತದೆ. ‘3ಐ’ ಎಂದರೆ ಮೂರನೆಯ ಸಾಲಿನ ಮೇಲೆ. ಸಂಖ್ಯೆಯ ಬದಲು ಓರೆಗೆರೆಗಳ ನಡುವೆ ಒಂದು ಮಾದರಿ ಬರೆದರೆ, ಅದು ಹೊಂದುವ ಪ್ರತಿಯೊಂದು ಸಾಲಿಗೂ ಕೆಲಸ ಆಗುತ್ತದೆ. ಸೆಡ್ ಎಣಿಸುವುದು ಒಳಬರುವ ಸಾಲುಗಳನ್ನು. ಹಾಗಾಗಿ ಮೂರರ ಹತ್ತಿರ ಒಂದು, ಹತ್ತರ ಹತ್ತಿರ ಒಂದು ಸೇರಿಸಿದರೂ ಲೆಕ್ಕ ತಪ್ಪುವುದಿಲ್ಲ. ಫೈಲ್ ಎಷ್ಟೇ ದೊಡ್ಡದಿರಲಿ, ಒಮ್ಮೆಗೆ ಒಂದು ಸಾಲು ಮಾತ್ರ ಕೈಯಲ್ಲಿರುವುದರಿಂದ ಮೆಮೊರಿಯ ಚಿಂತೆಯೂ ಇಲ್ಲ. ಇದು ಅಚ್ಚುಕಟ್ಟಾದ ವಿನ್ಯಾಸ.

ತೊಡಕು ಶುರುವಾಗುವುದು ಫಲಿತಾಂಶ ಅದೇ ಫೈಲಿನಲ್ಲಿ ಉಳಿಯಬೇಕು ಎಂದಾಗ. ಔಟ್‌ಪುಟ್ ಅನ್ನು ಅದೇ ಹೆಸರಿಗೆ ತಿರುಗಿಸಿದರೆ ಸೆಡ್ ಓದಲು ಕುಳಿತುಕೊಳ್ಳುವ ಮೊದಲೇ ಶೆಲ್ ಫೈಲನ್ನು ಬರಿದು ಮಾಡಿರುತ್ತದೆ. ಇದನ್ನು ತಪ್ಪಿಸಲು ಬಂದದ್ದು ‘-ಐ’ ಆಯ್ಕೆ (ಕಮಾಂಡ್‌ಗೂ ಆಯ್ಕೆಗೂ ಒಂದೇ ಅಕ್ಷರ ಕೊಟ್ಟು ಕಲಿಯುವವರನ್ನು ಗೊಂದಲಕ್ಕೆ ತಳ್ಳಿದ್ದು ಅನಗತ್ಯ). ಮೂಲ ಸೆಡ್‌ನಲ್ಲಿ ಇದು ಇರಲಿಲ್ಲ. ಗ್ನೂ ಸೆಡ್ ತಾತ್ಕಾಲಿಕ ಫೈಲೊಂದಕ್ಕೆ ಬರೆದು, ಕೊನೆಗೆ ಹಳೆಯ ಹೆಸರನ್ನು ಅದಕ್ಕೆ ಕೊಡುತ್ತದೆ. ಹೆಸರು ಅದೇ, ಫೈಲ್ ಬೇರೆ. ಹಳೆಯದಕ್ಕೆ ಹಾರ್ಡ್‌ಲಿಂಕ್ ಇದ್ದರೆ ಕೊಂಡಿ ಕಳಚುತ್ತದೆ. ಸಿಮ್‌ಲಿಂಕ್ ಇದ್ದ ಜಾಗದಲ್ಲಿ ಸಾಮಾನ್ಯ ಫೈಲ್ ಬಂದು ಕೂರುತ್ತದೆ. ಇನ್ನು ಮ್ಯಾಕ್‌ಓಎಸ್‌ನ ಸೆಡ್‌ನಲ್ಲಿ ‘-ಐ’ ಮುಂದೆ ಬ್ಯಾಕಪ್ ಫೈಲಿನ ಬಾಲವನ್ನು ಹೇಳುವುದು ಕಡ್ಡಾಯ. ಲಿನಕ್ಸ್‌ನಲ್ಲಿ ಸಲೀಸಾಗಿ ಓಡಿದ ಸ್ಕ್ರಿಪ್ಟ್ ಅಲ್ಲಿ ಕಮಾಂಡ್ ಅನ್ನೇ ಬಾಲವೆಂದು ತಿಳಿದು ಎಡವುತ್ತದೆ.

ಇದಕ್ಕಿಂತ ದೊಡ್ಡ ದೋಷ ಸೆಡ್‌ನ ಮೌನ. ಮಾದರಿ ಎಲ್ಲೂ ಸಿಗದಿದ್ದರೆ ಅದು ಏನನ್ನೂ ಸೇರಿಸುವುದಿಲ್ಲ, ಆದರೂ ಯಶಸ್ಸಿನ ಸಂಕೇತವನ್ನೇ ಮರಳಿಸುತ್ತದೆ. ಖಾಲಿ ಫೈಲಿಗೆ ‘1ಐ’ ಎಂದರೂ ಇದೇ ಕಥೆ: ಮೊದಲ ಸಾಲೇ ಇಲ್ಲ, ಆದ್ದರಿಂದ ಅದರ ಮೇಲೆ ಇಡುವ ಪ್ರಶ್ನೆಯೂ ಇಲ್ಲ. ‘ಆರ್’ ಕಮಾಂಡ್ ಓದಬೇಕಾದ ಫೈಲ್ ಕಾಣೆಯಾಗಿದ್ದರೂ ದೂರಿಲ್ಲ. ಹರಿದುಬರುವ ಪಠ್ಯವನ್ನು ಸೋಸುವಾಗ ಈ ಸ್ವಭಾವ ಒಪ್ಪಬಹುದು. ಸರ್ವರ್‌ನ ಸೆಟ್ಟಿಂಗ್ ಬದಲಿಸುವಾಗ ಇದು ಅಪಾಯಕಾರಿ. ಪಠ್ಯ ಸಂಸ್ಕರಣೆಯ ಭಾಷೆಯಾದ ಆಕ್ ಬಳಸುವವರು ಸಾಲು ಸೇರಿತೇ ಎಂದು ಒಂದು ಚರದಲ್ಲಿ ಗುರುತಿಟ್ಟು ಕೊನೆಗೆ ಪರೀಕ್ಷಿಸಬಹುದು, ಆದರೆ ಅಷ್ಟು ಬರೆಯುವ ತಾಳ್ಮೆ ಕಡಿಮೆ ಜನಕ್ಕೆ.

ಮೂಲೆಗುಂಪಾದ ಎಡ್ ಇಲ್ಲಿ ಮೇಲು. 1969ರಲ್ಲಿ ಕೆನ್ ಥಾಂಪ್ಸನ್ ಬರೆದ ಈ ಎಡಿಟರ್ ಇಡೀ ಫೈಲನ್ನು ಬಫರ್‌ಗೆ ತಂದುಕೊಂಡು, ‘ಡಬ್ಲ್ಯೂ’ ಎಂದಾಗ ಅದೇ ಫೈಲಿಗೆ ಮರಳಿ ಬರೆಯುತ್ತದೆ. ಮಾದರಿ ಸಿಗದಿದ್ದರೆ ಅದರ ಉತ್ತರ ಒಂದು ಪ್ರಶ್ನಾರ್ಥಕ ಚಿಹ್ನೆ. ಅದರ ಈ ಜಿಪುಣತನ ಹಾಸ್ಯದ ವಸ್ತುವಾಗಿದೆ ನಿಜ. ಆದರೆ ಕಮಾಂಡ್‌ಗಳನ್ನು ಫೈಲಿನಿಂದ ಓದಿಸಿದಾಗ ಎಡ್ ತಪ್ಪು ಕಂಡಲ್ಲಿಯೇ ನಿಂತು ವಿಫಲತೆಯ ಸಂಕೇತ ಕೊಡಬೇಕೆಂಬುದು ಪಾಸಿಕ್ಸ್ ಮಾನಕದ ನಿಯಮ. ‘ಡಬ್ಲ್ಯೂ’ ತನಕ ಸರದಿ ಬರುವುದೇ ಇಲ್ಲ, ಫೈಲ್ ಇದ್ದಂತೆಯೇ ಉಳಿಯುತ್ತದೆ. ಕುಂದುಗಳೂ ಇವೆ. ಸಾಲು ಸೇರಿದಂತೆಲ್ಲ ಕೆಳಗಿನ ಸಂಖ್ಯೆಗಳು ಜರುಗುತ್ತವೆ. ಎರಡು ಫೈಲುಗಳ ವ್ಯತ್ಯಾಸ ಹುಡುಕುವ ಡಿಫ್ ತಯಾರಿಸುವ ಎಡ್ ಸ್ಕ್ರಿಪ್ಟ್‌ಗಳು ತುದಿಯಿಂದ ಮೇಲಕ್ಕೆ ಸಾಗುವುದು ಇದೇ ಕಾರಣಕ್ಕೆ. ಬರೀ ಚುಕ್ಕೆ ಇರುವ ಸಾಲು ಪಠ್ಯದ ಮುಕ್ತಾಯದ ಗುರುತಾದ್ದರಿಂದ ಅಂಥ ಸಾಲನ್ನು ನೇರವಾಗಿ ಸೇರಿಸಲಾಗದು. ಡಿಫ್ ಕಂಡ ಬದಲಾವಣೆಗಳನ್ನು ಫೈಲಿಗೆ ಅಳವಡಿಸಲು 1985ರಲ್ಲಿ ಲ್ಯಾರಿ ವಾಲ್ ಹೊರತಂದ ಪ್ಯಾಚ್ ಸಂಖ್ಯೆಯನ್ನಷ್ಟೇ ನಂಬದೆ ಅಕ್ಕಪಕ್ಕದ ಸಾಲುಗಳನ್ನೂ ತಾಳೆ ನೋಡುತ್ತದೆ, ಹೊಂದದ ತುಣುಕನ್ನು ಬೇರೆ ಫೈಲಿನಲ್ಲಿ ಎತ್ತಿಡುತ್ತದೆ.

ಕನ್ನಡ ಪಠ್ಯಕ್ಕೆ ಇವುಗಳಿಂದ ಹಾನಿಯಿಲ್ಲ. 1992ರಲ್ಲಿ ಇದೇ ಥಾಂಪ್ಸನ್, ರಾಬ್ ಪೈಕ್ ಜೊತೆ ರೂಪಿಸಿದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಆ ಬೈಟ್‌ಗಳಲ್ಲಿ ಯಾವುದೂ ಹೊಸ ಸಾಲಿನ ಬೈಟ್ ಆಗಲಾರದು. ವಿಂಡೋಸ್‌ನಿಂದ ಬಂದ ಫೈಲುಗಳಲ್ಲಿ ಮಾತ್ರ ಎಚ್ಚರ ಬೇಕು. ತಲೆಯಲ್ಲಿ ಬಾಮ್ ಎಂಬ ಬೈಟ್ ಕ್ರಮದ ಗುರುತಿದ್ದರೆ ‘1ಐ’ ಅದನ್ನು ಎರಡನೆಯ ಸಾಲಿಗೆ ತಳ್ಳುತ್ತದೆ. ಹಳೆಯ ಸಾಲುಗಳ ಕೊನೆಯಲ್ಲಿ ಎರಡು ಬೈಟ್, ಹೊಸದರ ಕೊನೆಯಲ್ಲಿ ಒಂದೇ ಎಂಬ ಬೆರಕೆಯೂ ಆಗುತ್ತದೆ.

ಜಾಗ ತಪ್ಪಿದರೆ ಸಾಲಿನ ಅರ್ಥವೇ ತಪ್ಪುವುದಕ್ಕೆ ಓಪನ್‌ಎಸ್‌ಎಸ್‌ಎಚ್ ಸರ್ವರ್‌ನ ಸೆಟ್ಟಿಂಗ್ ಫೈಲ್ ಒಳ್ಳೆಯ ನಿದರ್ಶನ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸುವ ಸಾಲನ್ನು ತುದಿಗೆ ಅಂಟಿಸುವುದು ವಾಡಿಕೆ. ಆದರೆ ಈ ಫೈಲಿನಲ್ಲಿ ಒಂದೇ ಆಯ್ಕೆಗೆ ಎರಡು ಬೆಲೆ ಕೊಟ್ಟಿದ್ದರೆ ಮೊದಲು ಕಂಡದ್ದೇ ಊರ್ಜಿತ. ಮೇಲೆ ಎಲ್ಲೋ ‘ಇರಲಿ’ ಎಂದಿದ್ದರೆ ಕೆಳಗಿನ ‘ಬೇಡ’ ವ್ಯರ್ಥ. ಫೈಲಿನ ಕೊನೆಯಲ್ಲಿ ಒಬ್ಬ ಬಳಕೆದಾರನಿಗೆ ಮೀಸಲಾದ ಮ್ಯಾಚ್ ವಿಭಾಗ ಇದ್ದರಂತೂ ಅಂಟಿಸಿದ ಸಾಲು ಅವನೊಬ್ಬನಿಗೇ ಅನ್ವಯ. ಸ್ಕ್ರಿಪ್ಟ್ ಎರಡು ಸಲ ಓಡಿದರೆ ಸಾಲೂ ಎರಡು ಸಲ ಬರುತ್ತದೆ. ಸೇರಿಸುವ ಮುನ್ನ ಆ ಸಾಲು ಇಡಿಯಾಗಿ ಇದೆಯೇ ಎಂದು ಗ್ರೆಪ್‌ನಿಂದ ನೋಡಿಕೊಳ್ಳುವುದು ಕನಿಷ್ಠ ಶಿಸ್ತು. ಸರ್ವರ್‌ಗಳ ಸೆಟ್ಟಿಂಗ್ ನಿರ್ವಹಿಸುವ ಆನ್ಸಿಬಲ್‌ನ ಲೈನ್‌ಇನ್‌ಫೈಲ್ ಈ ಪರೀಕ್ಷೆಯನ್ನು ತಾನೇ ಮಾಡುತ್ತದೆ, ಆದರೆ ಮ್ಯಾಚ್ ವಿಭಾಗದ ಅರ್ಥ ಅದಕ್ಕೂ ತಿಳಿಯದು. 2020ರ ಓಪನ್‌ಎಸ್‌ಎಸ್‌ಎಚ್ 8.2 ಬೇರೆ ಫೈಲುಗಳನ್ನು ಒಳಗೆ ಓದಿಸುವ ಇನ್‌ಕ್ಲೂಡ್ ಎಂಬ ಸೂಚನೆಯನ್ನು ಈ ಫೈಲಿಗೆ ಒದಗಿಸಿತು. ಅದನ್ನು ಮೊದಲ ಸಾಲುಗಳಲ್ಲೇ ಇಟ್ಟುಕೊಂಡ ವ್ಯವಸ್ಥೆಗಳಲ್ಲಿ ಹೊಸ ನಿಯಮವನ್ನು ಪ್ರತ್ಯೇಕ ಪುಟ್ಟ ಫೈಲಿನಲ್ಲಿ ಬರೆದಿಟ್ಟರೆ ಸಾಕು. ಮುಖ್ಯ ಫೈಲಿಗೆ ಸೆಡ್ ಆಗಲಿ ಎಡ್ ಆಗಲಿ ಕೈ ಹಾಕಬೇಕಿಲ್ಲ.