ವಿಕಲಚೇತನ ಕಲಾವಿದರು ಮತ್ತು ಸಮುದಾಯದ ಕಲಾಶಾಲೆ: ಮೈಸೂರಿನಿಂದ ಗದುಗಿನವರೆಗೆ

ಕರ್ನಾಟಕದಲ್ಲಿ ವಿಕಲಚೇತನರ ಶಿಕ್ಷಣದ ಚರಿತ್ರೆಯನ್ನು ಮೈಸೂರನ್ನು ಬಿಟ್ಟು ಬರೆಯಲು ಬಾರದು. ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಇಲ್ಲಿ ಆರಂಭವಾದದ್ದು 1901ರಲ್ಲಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರದು. ದೃಷ್ಟಿಹೀನ ಹೆಣ್ಣುಮಕ್ಕಳಿಗಾಗಿ ರಂಗರಾವ್ ಸ್ಮಾರಕ ಶಾಲೆ 1988ರಲ್ಲಿ, ಜೆಎಸ್ಎಸ್ ಸಂಸ್ಥೆಯ ವಿಕಲಚೇತನರ ಪಾಲಿಟೆಕ್ನಿಕ್ 1991ರಲ್ಲಿ ಹುಟ್ಟಿದವು. ಇದೇ ನಗರದಲ್ಲಿ 1906ರಲ್ಲಿ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಇಂದಿನ ದೃಶ್ಯಕಲಾ ಅಕಾಡೆಮಿಗೆ ಮೂಲವಾಯಿತು. ಹೀಗೆ ಎರಡು ಪರಂಪರೆಗಳು ಒಂದೇ ಊರಿನಲ್ಲಿ ನೂರು ವರ್ಷಕ್ಕೂ ಮೀರಿ ಅಕ್ಕಪಕ್ಕದಲ್ಲೇ ಬೆಳೆದಿವೆ. ಆದರೆ ಅವು ಕೂಡುವ ಜಾಗವೊಂದು ನಗರದ ಸಾಂಸ್ಕೃತಿಕ ಬದುಕಿನಲ್ಲಿ ಇನ್ನೂ ಗಟ್ಟಿಯಾಗಿ ನೆಲೆಗೊಂಡಿಲ್ಲ.

ಇಲ್ಲಿ ಪ್ರಶ್ನೆ ಮಕ್ಕಳದ್ದಲ್ಲ, ವಯಸ್ಕರದು. ಶಾಲೆ ಮುಗಿದು, ತರಬೇತಿಯ ಅವಧಿಯೂ ಮುಗಿದ ಮೇಲೆ ಬೌದ್ಧಿಕ ವೈಕಲ್ಯವುಳ್ಳ ಮಗನೋ ಮಗಳೋ ಮನೆಯ ಮೂಲೆ ಸೇರುವುದು, ತಂದೆತಾಯಿಗಳು ಮುಪ್ಪಾಗುತ್ತ ಹೋಗುವುದು ಅನೇಕ ಕುಟುಂಬಗಳ ಅನುಭವ. ಅಂಥವರ ಮುಂದೆ ಸಾಮಾನ್ಯವಾಗಿ ಬರುವ ಕೆಲಸಗಳೆಂದರೆ ಮೇಣದ ಬತ್ತಿ, ಕಾಗದದ ಚೀಲ, ದೀಪಾವಳಿಯ ಹಣತೆಗೆ ಬಣ್ಣ. ಇವು ಕೀಳು ಕಸುಬುಗಳೆಂದು ಹೇಳುವಂತಿಲ್ಲ. ಬೇರೊಂದನ್ನು ಆರಿಸಿಕೊಳ್ಳುವ ಅವಕಾಶ ಇಲ್ಲದಿರುವುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಪಶ್ಚಿಮದಲ್ಲಿ ಈ ಕೊರತೆಗೆ ಉತ್ತರವಾಗಿ ಬಂದದ್ದು ಸಮುದಾಯದ ಕಲಾಶಾಲೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ದೊಡ್ಡ ಸರ್ಕಾರಿ ಆಶ್ರಯಧಾಮಗಳಿಂದ ಜನರನ್ನು ಹೊರಗೆ ಕಳುಹಿಸುತ್ತಿದ್ದ ಕಾಲದಲ್ಲಿ, 1974ರಲ್ಲಿ, ಎಲಿಯಾಸ್ ಕಾಟ್ಜ್ ಮತ್ತು ಫ್ಲಾರೆನ್ಸ್ ಲೂಡಿನ್ಸ್ ಕಾಟ್ಜ್ ದಂಪತಿಗಳು 'ಕ್ರಿಯೇಟಿವ್ ಗ್ರೋತ್' ಎಂಬ ಕೇಂದ್ರವನ್ನು ಆರಂಭಿಸಿದರು. ಓಕ್‌ಲ್ಯಾಂಡಿನ ಈ ಕೇಂದ್ರದಲ್ಲಿ ಸಾಮಗ್ರಿಯಿದೆ, ಮೇಜಿದೆ, ಜತೆಗಾರರಿದ್ದಾರೆ, ಪಕ್ಕದಲ್ಲಿ ಪ್ರದರ್ಶನಾಲಯವಿದೆ. ಬೋಧನೆ ಮಾತ್ರ ಬಹಳ ಕಡಿಮೆ. ಏಳನೆಯ ವಯಸ್ಸಿಗೇ ಆಶ್ರಯಧಾಮ ಸೇರಿದ್ದ, ಡೌನ್ ಸಿಂಡ್ರೋಮ್ ಇದ್ದ, ಕಿವುಡೆಂಬುದೂ ಬಹುಕಾಲ ಯಾರಿಗೂ ತಿಳಿಯದಿದ್ದ ಜುಡಿತ್ ಸ್ಕಾಟ್ (1943-2005) ಅಲ್ಲಿಗೆ ಬಂದದ್ದು 1987ರಲ್ಲಿ. ಆಗ ಆಕೆಗೆ ನಲವತ್ತು ದಾಟಿತ್ತು. ಮೊದಲ ಎರಡು ವರ್ಷ ಆಕೆ ಯಾವುದರಲ್ಲೂ ಆಸಕ್ತಿ ತೋರಲಿಲ್ಲ. ಅನಂತರ ನೂಲು ಕೈಗೆ ಸಿಕ್ಕಿತು. ಸಿಕ್ಕಸಿಕ್ಕ ವಸ್ತುಗಳನ್ನು ನೂಲಿನಿಂದ ಸುತ್ತಿ ಬಿಗಿದು ಇನ್ನೂರಕ್ಕೂ ಮಿಕ್ಕ ಶಿಲ್ಪಗಳನ್ನು ಆಕೆ ರಚಿಸಿದಳು. ಆ ಎರಡು ಬರಿದಾದ ವರ್ಷಗಳೇ ಇಲ್ಲಿ ಮುಖ್ಯ. ಆರು ತಿಂಗಳಿಗೆ ಪ್ರಗತಿ ವರದಿ ಕೇಳುವ ಯಾವ ಯೋಜನೆಯೂ ಅಷ್ಟು ಕಾಲ ಕಾಯುತ್ತಿರಲಿಲ್ಲ.

ಇಂಥ ಕೃತಿಗಳಿಗೆ ಪಶ್ಚಿಮದ ವಿಮರ್ಶೆ ಕೊಟ್ಟ ಹೆಸರುಗಳನ್ನು ಮಾತ್ರ ಕಣ್ಣುಮುಚ್ಚಿ ಒಪ್ಪುವಂತಿಲ್ಲ. 1945ರಲ್ಲಿ ಡ್ಯುಬುಫೆ 'ಆರ್ಟ್ ಬ್ರೂಟ್' ಎಂದ. 1972ರಲ್ಲಿ ರೋಜರ್ ಕಾರ್ಡಿನಲ್ 'ಹೊರಗಿನವರ ಕಲೆ' ಎಂಬರ್ಥದ ಹೆಸರನ್ನು ಚಲಾವಣೆಗೆ ತಂದ. ಶಾಲೆಯಲ್ಲಿ ಕಲಿಯದವನು ಸಂಸ್ಕೃತಿಯ ಹೊರಗಿನವನು ಎಂಬ ಗ್ರಹಿಕೆ ಇದರ ತಳದಲ್ಲಿದೆ. ಜಾನಪದವನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತದ ನೀಲಗಾರ, ಗೊರವ, ಕಂಸಾಳೆಯವರು ತಮ್ಮ ಸಮುದಾಯದ ನಟ್ಟನಡುವೆ ನಿಂತವರು.

ಈ ಸಂದರ್ಭದಲ್ಲಿ ಹೆಳವರನ್ನು ನೆನೆಯಬೇಕು. ಎತ್ತಿನ ಮೇಲೆ ಕುಳಿತು, ಗಂಟೆ ಹಿಡಿದು, ಒಕ್ಕಲು ಮನೆಗಳ ಮುಂದೆ ವಂಶಾವಳಿ ಹೇಳುವ ಈ ಸಮುದಾಯದ ಹೆಸರಿಗೇ ಕಾಲಿಲ್ಲದವನು ಎಂಬ ಅರ್ಥವಿದೆ. ತೆಲುಗು ನಾಡಿನ ಪಿಚ್ಚಗುಂಟ್ಲವರದೂ ಇದೇ ಬಗೆ. ನಡೆಯಬಲ್ಲ ಹೆಳವನೂ ಕಂಬಳಿಯೊಳಗೆ ಕಾಲು ಮರೆಸಿ ಎತ್ತನ್ನೇರುತ್ತಿದ್ದ ಪದ್ಧತಿಯುಂಟು. ಎಂದರೆ ಇಲ್ಲಿ ವೈಕಲ್ಯವೇ ವೃತ್ತಿಯ ಲಾಂಛನ, ನೆನಪಿನ ಅಧಿಕಾರದ ಗುರುತು. ಆದರೆ ಇದನ್ನು ಹಿಡಿದು ಹಿಂದಿನ ಸಮಾಜ ಉದಾರವಾಗಿತ್ತೆಂದು ಸಾರುವುದು ತಪ್ಪಾದೀತು. ಹೆಳವನಿಗೆ ಕಾಳು ಅಳೆದುಕೊಟ್ಟ ನಾಲಿಗೆಯೇ ಅದೇ ಪದವನ್ನು ಬೈಗುಳವಾಗಿಯೂ ಬಳಸಿತು. ಗೌರವ ಸಂದದ್ದು ಕುಲವೃತ್ತಿಗೆ, ನಿಜವಾಗಿ ಕಾಲಿಲ್ಲದ ಒಬ್ಬ ವ್ಯಕ್ತಿಗಲ್ಲ.

ವ್ಯಕ್ತಿಗೆ ಮನ್ನಣೆ ಸಂದ ಉದಾಹರಣೆ ಬೇಕಾದರೆ ಗದುಗಿಗೆ ಹೋಗಬೇಕು. ಹುಟ್ಟು ಅಂಧರಾದ ಪಂಚಾಕ್ಷರಿ ಗವಾಯಿಗಳು (1892-1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ತಾವೇ ಗುರುವಾಗಿ ಊರೂರು ತಿರುಗುತ್ತ ಶಿಷ್ಯರನ್ನು ಸಾಕಿದರು. ಈ ಸಂಚಾರಿ ಪಾಠಶಾಲೆಯೇ ಮುಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಅವರ ತರುವಾಯ ಶೈಶವದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (1914-2010) ಆರು ದಶಕಗಳಿಗೂ ಮೀರಿ ಅದನ್ನು ನಡೆಸಿದರು. ಅನ್ನಕ್ಕೆ ಭಕ್ತರ ಕಾಣಿಕೆಯ ಜತೆಗೆ ಆಶ್ರಮದ ನಾಟಕ ಕಂಪನಿಯ ದುಡಿಮೆಯೂ ಒದಗಿತು. ಸಾಮುದಾಯಿಕ ಕಲಾಶಾಲೆಗೆ ಬೇಕಾದುದೆಲ್ಲ ಇಲ್ಲಿತ್ತು: ಇರಲು ಜಾಗ, ನಿತ್ಯದ ರಿಯಾಜು, ಒಡನಾಡಿಗಳು, ಟಿಕೀಟು ಕೊಂಡು ಬರುವ ಪ್ರೇಕ್ಷಕರು. ಕಲಿಕೆಗೆ ವಯಸ್ಸಿನ ಗಡಿ ಇರಲಿಲ್ಲ. ಶಿಷ್ಯನಾಗಿ ಬಂದವನು ಶಿಕ್ಷಕನಾಗಿ ಉಳಿಯಬಹುದಿತ್ತು.

ಇದಕ್ಕಿಂತ ಮಹತ್ವದ ಅಂಶವೆಂದರೆ ಕಣ್ಣಿದ್ದವರೂ ಇಲ್ಲದವರೂ ಒಂದೇ ಗುರುವಿನ ಮುಂದೆ ಕುಳಿತದ್ದು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ವೆಂಕಟೇಶಕುಮಾರರು ಪುಟ್ಟರಾಜರ ಶಿಷ್ಯರು. ಶ್ರುತಿ ತಪ್ಪಿದರೆ ಅಂಧನೆಂದು ಯಾರೂ ಮನ್ನಿಸುತ್ತಿರಲಿಲ್ಲ, ಮನ್ನಿಸುವ ಅಗತ್ಯವೂ ಇರಲಿಲ್ಲ.

ಹಾಗಾದರೆ ಏನನ್ನೂ ಕಲಿಸದ ಓಕ್‌ಲ್ಯಾಂಡ್ ಸರಿಯೋ, ಎಲ್ಲವನ್ನೂ ತಿದ್ದಿ ತೀಡುವ ಗದುಗು ಸರಿಯೋ? ಸಂಗೀತಕ್ಕೆ ರಾಗತಾಳಗಳ ಸರ್ವಸಮ್ಮತ ವ್ಯಾಕರಣವಿದೆ, ಅದು ಕಿವಿಯಿಂದಲೇ ಸಂಪೂರ್ಣ ದಕ್ಕುತ್ತದೆ. ಆದ್ದರಿಂದ ಅಲ್ಲಿ ಗುರುವಿನ ಕಟ್ಟುನಿಟ್ಟು ಶಿಷ್ಯನಿಗೆ ಸಲ್ಲಿಸುವ ಗೌರವವೇ ಆಗುತ್ತದೆ. ಮಾತಿಲ್ಲದ ಒಬ್ಬಾಕೆ ನೂಲು ಸುತ್ತುವಾಗ ಅಂಥ ವ್ಯಾಕರಣ ಮೊದಲೇ ಇರುವುದಿಲ್ಲ, ಆಕೆ ಅದನ್ನು ಕಟ್ಟಿಕೊಳ್ಳುತ್ತಿರುತ್ತಾಳೆ. ಅಲ್ಲಿ ಕೈ ಹಿಡಿದು ತಿದ್ದುವುದು ಕೆಡಿಸಿದಂತೆಯೇ. ಆದರೆ ತಿದ್ದದಿರುವುದು ಬೇರೆ, ನೋಡದಿರುವುದು ಬೇರೆ. ಗದುಗಿನ ಮಾದರಿಗೂ ಒಂದು ಮಿತಿಯುಂಟು. ಅದರ ಯಶಸ್ಸೇ ಅಂಧನೆಂದರೆ ಹಾಡುಗಾರ ಎಂಬ ನಂಬಿಕೆಗೆ ಬಲ ಕೊಟ್ಟಿತು. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ 1957ರ ಹೊತ್ತಿಗೆ ದೃಷ್ಟಿ ಕಳೆದುಕೊಂಡ ಮೇಲೂ ಕಾಗದ ಕತ್ತರಿಸಿ ಅಂಟಿಸುವ ಚಿತ್ರಗಳನ್ನು, ಹೆಂಚಿನ ಭಿತ್ತಿಚಿತ್ರವನ್ನು ರಚಿಸಿದರೆಂಬುದು ಆ ನಂಬಿಕೆಯ ಎದುರಿಗಿರುವ ಸಾಕ್ಷ್ಯ.

ನೋಡದಿರುವ ದೋಷ ಕನ್ನಡದ ಕಲಾಬರಹದಲ್ಲಿ ಎದ್ದು ಕಾಣುತ್ತದೆ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಾಚರಣೆಯ ಆಸುಪಾಸಿನಲ್ಲಿ ಏರ್ಪಡುವ ಪ್ರದರ್ಶನಗಳ ವರದಿಗಳಲ್ಲಿ ಛಲ, ಸಾಧನೆ, ಸ್ಫೂರ್ತಿ ಎಂಬ ಪದಗಳು ಧಾರಾಳ. ರೇಖೆ, ವರ್ಣ, ವಿನ್ಯಾಸಗಳ ಮಾತು ಅಪರೂಪ. ಅಂಗವಿಕಲ ಹೋಗಿ ವಿಕಲಚೇತನ ಬಂದು, ಬಳಿಕ ವಿಶೇಷಚೇತನ, ದಿವ್ಯಾಂಗ ಎಂಬ ಹೆಸರುಗಳೂ ಬಂದವು. ವಿಮರ್ಶೆಯ ಪರಿಭಾಷೆ ಇದ್ದಲ್ಲೇ ಇದೆ. ಚಿತ್ರ ಚೆನ್ನಾಗಿಲ್ಲವೆಂದು ಹೇಳುವ ಧೈರ್ಯವಿಲ್ಲದ ಕಡೆ ಚೆನ್ನಾಗಿದೆ ಎಂಬ ಮಾತಿಗೂ ಬೆಲೆ ಉಳಿಯುವುದಿಲ್ಲ. ಶುಭಾಶಯ ಪತ್ರದ ಹಿಂಬದಿಯಲ್ಲಿ ಸಂಸ್ಥೆಯ ಹೆಸರಿದ್ದು ಬರೆದವರ ಹೆಸರಿಲ್ಲದಿರುವುದೂ ಇದೇ ಮನೋಭಾವದ ಫಲ. ಜನಪದ ಕರಕುಶಲ ವಸ್ತುಗಳಿಗೂ ಬಹುಕಾಲ ಹೀಗೆಯೇ ಆಗಿತ್ತು: ಚೀಟಿಯಲ್ಲಿ ಜಾತಿ, ಊರು, ಬಳಕೆ ಇರುತ್ತಿದ್ದವು, ಮಾಡಿದವರ ಹೆಸರು ಇರುತ್ತಿರಲಿಲ್ಲ.

ಕಾನೂನು ಈ ವಿಷಯದಲ್ಲಿ ವಿಮರ್ಶೆಗಿಂತ ಮುಂದಿದೆ. 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿ ಶಿಕ್ಷಣ, ಉದ್ಯೋಗಗಳ ಮೇಲೆ ಒತ್ತು ಕೊಟ್ಟಿತ್ತು. 2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 2016ರ ಕಾಯಿದೆ ಇಪ್ಪತ್ತೊಂದು ಬಗೆಗಳನ್ನು ಗುರುತಿಸಿದೆ. ಅದರ 29ನೆಯ ಕಲಮು ವಿಕಲಚೇತನ ಕಲಾವಿದರಿಗೂ ಬರಹಗಾರರಿಗೂ ಸೌಲಭ್ಯ ಮತ್ತು ಪ್ರಾಯೋಜಕತ್ವ ಒದಗಿಸಬೇಕೆಂದೂ ಕಲಾವಿಷಯಗಳ ಪಠ್ಯಕ್ರಮವನ್ನು ಅವರು ಭಾಗವಹಿಸಲು ಅನುವಾಗುವಂತೆ ಮರುರೂಪಿಸಬೇಕೆಂದೂ ಹೇಳುತ್ತದೆ. ಮೈಸೂರಿನಂಥ ನಗರದಲ್ಲಿ ಇದನ್ನು ಜಾರಿಗೆ ತರಲು ಹೊಸ ಭವನವೇ ಬೇಕೆಂದಿಲ್ಲ. ಗಾಲಿಕುರ್ಚಿ ಸಾಗುವ ಇಳಿಜಾರು, ಕುಳಿತವರ ಕೈಗೆಟುಕುವ ನೀರಿನ ತೊಟ್ಟಿ, ಸಂಜ್ಞಾಭಾಷೆ ಬಲ್ಲ ಒಬ್ಬರು, ಮನೆಯಿಂದ ಕರೆತರುವ ವಾಹನ, ಇಡೀ ದಿನ ತೆರೆದಿರುವ ಬಾಗಿಲು, ಇವಿಷ್ಟು ಇದ್ದರೆ ಕೆಲಸ ಮೊದಲಾಗುತ್ತದೆ.

ಇದರ ಜತೆಗೆ ಕೃತಿಗಳನ್ನು ಕಾಪಿಡುವ ಒಂದು ಕೋಣೆಯೂ ಬೇಕು. ಜುಡಿತ್ ಸ್ಕಾಟ್‌ಳ ಶಿಲ್ಪಗಳನ್ನು ಉಳಿಸಿಕೊಂಡಿದ್ದರಿಂದಲೇ 2014ರಲ್ಲಿ ಬ್ರೂಕ್ಲಿನ್ ವಸ್ತುಸಂಗ್ರಹಾಲಯ ಅವುಗಳ ಸಮಗ್ರ ಪ್ರದರ್ಶನವನ್ನು ಏರ್ಪಡಿಸಲು, ಆಕೆಯ ಶೈಲಿ ಹೇಗೆ ಬದಲಾಯಿತೆಂದು ನೋಡುಗರು ಹೋಲಿಸಿ ಅರಿಯಲು ಸಾಧ್ಯವಾಯಿತು. ಒಂದು ದಿನದ ಪ್ರದರ್ಶನ ಮುಗಿದೊಡನೆ ಚದುರಿಹೋಗುವ ಚಿತ್ರಗಳ ಬಗ್ಗೆ ಅಂಥ ಹೋಲಿಕೆ ಅಸಾಧ್ಯ. ಕಲಾವಿದರ ಹೆಸರು, ರಚಿಸಿದ ವರ್ಷ, ಮಾಧ್ಯಮ, ಅಳತೆ, ಈ ನಾಲ್ಕು ವಿವರಗಳಿರುವ ಒಂದು ಕೃತಿಸೂಚಿಯನ್ನು ಯಾವುದೇ ಶಾಲೆಯಾಗಲಿ, ಅಕಾಡೆಮಿಯಾಗಲಿ ಈ ವರ್ಷವೇ ಬರೆಯಲು ತೊಡಗಬಹುದು.